ಮಸಣದಲ್ಲಿರುವ ಬೇರೊಬ್ಬ ಯೋಧ

ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಕಾರ್ಡ್ ಆಟದ ಕೊನೆಯ ಪಂದ್ಯಕ್ಕೆ ಜನ ಸೇರಿದ್ದರು. ಒಂದು ಕಡೆ ಹಲ್ಲಿನ ಡಾಕ್ಟರಮ್ಮ, ಇನ್ನೊಂದು ಕಡೆ ನಲ್ಲಿ ರಿಪೇರಿ ಮಾಡುವ ಅಣ್ಣ. ಇಬ್ಬರ ನಡುವೆ ನಿಂತಿದ್ದ ತೀರ್ಪುಗಾರ್ತಿ ಅವನ ಸ್ವಂತ ತಂಗಿ.

ಅವಳದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಕಾರ್ಡಿನ ಮೇಲಿನ ಸಣ್ಣ ಅಕ್ಷರದ ನಿಯಮಗಳನ್ನು ಅವಳಷ್ಟು ಕಣ್ಣಿಟ್ಟು ಓದುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕೋಣೆಯ ಯಜಮಾನ ಮೊದಲೇ ಕೇಳಿದ್ದ:

"ಇನ್ನೊಬ್ಬ ತೀರ್ಪುಗಾರನಿಗೆ ಜ್ವರ. ಆಡ್ತಿರೋನು ನಿಮ್ಮಣ್ಣ. ನಿಮಗೆ ಕಷ್ಟ ಆಗಲ್ವಾ?"

"ಏನೂ ಆಗಲ್ಲ. ಇಲ್ಲಿ ಅವನು ಆಟಗಾರ ಅಷ್ಟೇ," ಎಂದಿದ್ದಳು.

ಆಟ ಬಿಗಿಯಾಗಿ ಸಾಗಿತ್ತು. ಅಣ್ಣನ ಬಳಿ ಕಣದಲ್ಲಿ ಇಬ್ಬರೇ ಯೋಧರು: ಬಲಾಢ್ಯ ನಾಗಸೇನಾನಿ, ಅವನ ಪಕ್ಕದಲ್ಲಿ ಬಡಕಲು ಕಾವಲುಗಾರ. ಡಾಕ್ಟರಮ್ಮ ಯೋಚಿಸಿ ಯೋಚಿಸಿ 'ಬೂದಿಗಾಳಿ'ಯನ್ನು ಇಳಿಸಿದರು. ಆ ಕಾರ್ಡ್ ಬಿದ್ದರೆ ಕಣದಲ್ಲಿರುವ ಯೋಧರೆಲ್ಲರೂ ಒಟ್ಟಿಗೆ ಮಸಣಕ್ಕೆ, ಅಂದರೆ ಸತ್ತ ಕಾರ್ಡುಗಳ ರಾಶಿಗೆ, ಹೋಗಬೇಕು. ಅಣ್ಣ ಎರಡೂ ಕಾರ್ಡುಗಳನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಕಾವಲುಗಾರನ ಮೇಲಿದ್ದ ಸಾಲಿನ ಮೇಲೆ ಬೆರಳಿಟ್ಟ.

'ಕಾವಲುಗಾರ ಮಸಣಕ್ಕೆ ಹೋದಾಗ, ಮಸಣದಲ್ಲಿರುವ ಬೇರೊಬ್ಬ ಯೋಧನನ್ನು ಕಣಕ್ಕೆ ಮರಳಿ ಕರೆಯಿರಿ.'

"ನಾಗಸೇನಾನಿನ ಕರೀತೀನಿ," ಎಂದ.

"ಅದು ಹೇಗಾಗುತ್ತೆ?" ಡಾಕ್ಟರಮ್ಮ ತಡೆದರು. "ಇಬ್ಬರೂ ಒಟ್ಟಿಗೆ ಸತ್ರು. ಇವನು ಹೋಗುವಾಗ ಅವನು ಅಲ್ಲಿರಲಿಲ್ಲ. ಮಸಣ ಖಾಲಿ ಇತ್ತು."

ಎಲ್ಲರ ಕಣ್ಣೂ ತಂಗಿಯ ಮೇಲೆ ಬಿತ್ತು. ಹಿಂದಿನಿಂದ ಯಾರೋ, "ಮನೆ ತೀರ್ಪು ಬರುತ್ತೆ ನೋಡ್ತಿರಿ," ಎಂದು ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ಕಾರ್ಡನ್ನು ಕೈಗೆತ್ತಿಕೊಳ್ಳದೆಯೇ ಹೇಳಿಬಿಟ್ಟಳು:

"ಡಾಕ್ಟರಮ್ಮ ಹೇಳಿದ್ದೇ ಸರಿ. ಕರೆಯೋ ಹಾಗಿಲ್ಲ."

ಅಣ್ಣ ಜಗಳಕ್ಕೆ ಬರಲಿಲ್ಲ. ತಲೆಯೆತ್ತಿ ಅವಳನ್ನೇ ನೋಡಿದ.

"ನನ್ನ ಜಾಗದಲ್ಲಿ ಬೇರೆಯವರು ಕೂತಿದ್ರೂ ಹೀಗೇ ಹೇಳ್ತಿದ್ಯಾ?" ಎಂದ, ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ. "ಅಪ್ಪನೂ ಹಿಂಗೇ ಮಾಡ್ತಿದ್ರು."

ಅವರಪ್ಪ ಅವರದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ತಪ್ಪು ಮಾಡಿದ ಬೇರೆ ಮಕ್ಕಳಿಗೆ ಬೈಗುಳ, ಮಗನಿಗೆ ಬೆತ್ತ. ಮೇಷ್ಟ್ರ ಮಗನೆಂದು ಬಿಟ್ಟರು ಅಂತ ಊರವರು ಆಡಿಕೊಳ್ಳಬಾರದಲ್ಲ! ಊರವರೇನೋ ಅವರನ್ನು ಧರ್ಮರಾಯ ಎಂದು ಹೊಗಳಿದರು. ಊಟಕ್ಕೆ ಕೂತಾಗ ಅಣ್ಣನ ಊದಿದ ಅಂಗೈ ನೋಡಿ ಅವಳು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ತಾನು ದೊಡ್ಡವಳಾದ ಮೇಲೆ ಯಾರಿಗೂ ಹೀಗೆ ಮಾಡುವುದಿಲ್ಲ ಎಂದುಕೊಂಡಿದ್ದಳು.

ಡಾಕ್ಟರಮ್ಮ ಮುಂದಿನ ಕಾರ್ಡಿಗೆ ಕೈ ಚಾಚಿದರು.

"ಒಂದು ನಿಮಿಷ ತಡೀರಿ," ಎಂದಳು ತಂಗಿ. ಈಗ ಕಾವಲುಗಾರನನ್ನು ಎತ್ತಿಕೊಂಡು, ಕರಡು ಓದುವಂತೆ ಒಂದೊಂದೇ ಪದ ಬಿಡಿಸಿ ಓದಿದಳು.

"ನನ್ನ ತೀರ್ಪು ತಪ್ಪು. ವಾಪಸ್ ತಗೋತೀನಿ. 'ಮಸಣದಲ್ಲಿದ್ದ' ಅಂತ ಇಲ್ಲ, 'ಮಸಣದಲ್ಲಿರುವ' ಅಂತ ಇದೆ. ಮೊದಲು ಗಾಳಿ ಎಲ್ಲರನ್ನೂ ಮಸಣಕ್ಕೆ ಹೊತ್ತು ಹಾಕುತ್ತೆ. ಅದು ಮುಗಿದ ಮೇಲೇ ಕಾವಲುಗಾರನ ಶಕ್ತಿ ಏಳೋದು. ಆ ಹೊತ್ತಿಗೆ ನಾಗಸೇನಾನಿ ಮಸಣದಲ್ಲಿ ಇರ್ತಾನೆ. ಕರೀಬಹುದು."

ಕೋಣೆಯಲ್ಲಿ ಗುಲ್ಲೆದ್ದಿತು. "ರಕ್ತ ನೀರಿಗಿಂತ ಗಟ್ಟಿ ಬಿಡಪ್ಪ!" ಎಂದಿತು ಹಿಂದಿನ ದನಿ.

ಡಾಕ್ಟರಮ್ಮನ ಮುಖ ಕೆಂಪಾಯಿತು. "ಅಣ್ಣ ಮುಖ ಸಣ್ಣ ಮಾಡಿದ್ರು ಅಂತ ತೀರ್ಪು ತಿರುಗಿಸಿದ್ರಾ?"

"ಅಣ್ಣ ಅನ್ನೋ ಕಾರಣಕ್ಕೇ ನಾನು ಮೊದಲು ತಪ್ಪು ಹೇಳಿದ್ದು, ಮೇಡಂ. ಜನ ಏನಂತಾರೋ ಅಂತ ಹೆದರಿದೆ. ಕಾರ್ಡ್ ಓದಲೇ ಇಲ್ಲ. ಬೇಕಾದ್ರೆ ನೀವೇ ಓದಿ."

ಡಾಕ್ಟರಮ್ಮ ಓದಿದರು. ಮತ್ತೆ ಓದಿದರು. ಒಪ್ಪಿದರೋ ಇಲ್ಲವೋ, ಕಾರ್ಡನ್ನು ಮೇಜಿನ ಮೇಲಿಟ್ಟು, "ಆಡಿ," ಎಂದರು.

ನಾಗಸೇನಾನಿ ಕಣಕ್ಕೆ ಮರಳಿದ. ಆಮೇಲೆ ಆಟ ಬಹಳ ಹೊತ್ತು ಎಳೆಯಲಿಲ್ಲ, ಅಣ್ಣ ಗೆದ್ದ. ಚಪ್ಪಾಳೆ ಮಾತ್ರ ಅಲ್ಲೊಂದು ಇಲ್ಲೊಂದು. ಡಾಕ್ಟರಮ್ಮ ಅವನ ಕೈ ಕುಲುಕಿದರು, ಅವಳ ಕಡೆ ತಿರುಗದೆ ಮೆಟ್ಟಿಲಿಳಿದು ಹೋದರು.

ಕುರ್ಚಿ ಜೋಡಿಸುತ್ತಿದ್ದ ಯಜಮಾನ ಬಳಿ ಬಂದ. "ಇನ್ಮೇಲೆ ನಿಮ್ಮಣ್ಣ ಆಡೋ ದಿನ ನೀವು ಬೇಡಮ್ಮ."

"ಇವತ್ತೇ ನಾನು ಒಲ್ಲೆ ಅನ್ನಬೇಕಿತ್ತು," ಎಂದಳು. ಎದೆಯ ಮೇಲಿನ ತೀರ್ಪುಗಾರರ ಬಿಲ್ಲೆ ಬಿಚ್ಚಿ ಅವನ ಕೈಗಿತ್ತಳು.

ಅಣ್ಣ ಬೀದಿಯಲ್ಲಿ ಕಾಯುತ್ತಿದ್ದ. ಇಬ್ಬರೂ ಜೊತೆಗೆ ನಡೆದರು. ತಿರುವಿನ ಹತ್ತಿರ ಅವಳಿಗೆ ತಡೆಯಲಾಗಲಿಲ್ಲ.

"ಕೋಪ ಇದೆಯೇನೋ?"

"ಇದೆ."

ಇನ್ನಷ್ಟು ದೂರ ನಡೆದ ಮೇಲೆ ಅವನೇ ಹೇಳಿದ: "ಅಪ್ಪ ಒಂದು ದಿನನೂ ತಪ್ಪಾಯ್ತು ಅನ್ನಲಿಲ್ಲ ಕಣೇ. ನೀನು ಅಷ್ಟು ಜನರ ಮುಂದೆ ಅಂದೆ."

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಅವನು ನೋಡಿಯೂ ನೋಡದವನಂತೆ ಅವಳ ಹೆಗಲಿನಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ಬಾ, ನಮ್ಮನೇಲೇ ಊಟ ಮಾಡು. ನಿಮ್ಮತ್ತಿಗೆ ಕಾಯ್ತಿರ್ತಾಳೆ."