ಜೇನುಗುಡ್ಡಕ್ಕೆ ಮೇಷ್ಟ್ರು ಬೇಕು

ಐವತ್ತೆಂಟರ ಮಾತು. ಆಗ ಜಯನಗರವೆಂದರೆ ನಾಲ್ಕು ಮನೆ, ಉಳಿದದ್ದು ರಾಗಿ ಹೊಲ. ಅಲ್ಲಿ ಮನೆ ಕಟ್ಟಿಸಿ ಮುಗಿಸಿದ ಮೇಲೂ ರಿಟೈರ್ಡ್ ಇಂಜಿನಿಯರ್ ಚಕ್ರಪಾಣಿಗಳಿಗೆ ಕಟ್ಟಿಸುವ ಚಟ ಬಿಡಲಿಲ್ಲ. ಪಿಂಚಣಿದಾರರನ್ನು ಸೇರಿಸಿ ಸಮಿತಿ ಮಾಡಿದರು, ತಾವೇ ಅಧ್ಯಕ್ಷರಾದರು. ಬಸ್ಸಿಳಿದು ಅರ್ಧ ದಿನ ಹತ್ತಬೇಕಾದ ಜೇನುಗುಡ್ಡದಲ್ಲಿ, ಹೊಟ್ಟೆಗೇ ಗತಿಯಿಲ್ಲದ ಜನರ ನಡುವೆ, ಕಲ್ಲಿನ ಶಾಲೆಯೊಂದು ಎದ್ದೇಬಿಟ್ಟಿತು. ಮೆಚ್ಚಬೇಕಾದ್ದೇ. ಮಂಡಿನೋವಿನ ದೆಸೆಯಿಂದ ಅಧ್ಯಕ್ಷರು ಮಾತ್ರ ಆ ಬೆಟ್ಟ ಹತ್ತಿರಲಿಲ್ಲ.

ಭಾನುವಾರ ಅವರ ಹಜಾರದಲ್ಲೇ ಸಭೆ. ಅಧ್ಯಕ್ಷರು ನಿರ್ಣಯ ಓದಿ, ಆಕ್ಷೇಪಣೆ ಉಂಟೋ ಎನ್ನುವರು. ಎಲ್ಲರ ಬಾಯಲ್ಲೂ ಅವರ ಹೆಂಡತಿ ಕಾತ್ಯಾಯಿನಮ್ಮನ ಉಪ್ಪಿಟ್ಟು ಇರುತ್ತಿದ್ದುದರಿಂದ ಯಾರೂ ಮಾತಾಡುತ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ, ನಿರ್ಣಯ ಪಾಸು. ಹೀಗೆ ಹೆಂಚು ಪಾಸಾಯಿತು, ಗಂಟೆ ಪಾಸಾಯಿತು, ಗೋಡೆಯ ಭೂಪಟವೂ ಪಾಸಾಯಿತು. ಮೇಷ್ಟ್ರು ಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹುಡುಕಿ ಕಳಿಸಿದ ಇಬ್ಬರಲ್ಲಿ ಒಬ್ಬ ಚಳಿಗೆ ಹೆದರಿ ಇಳಿದ, ಇನ್ನೊಬ್ಬ ಆನೆಗೆ.

ಒಂದು ಭಾನುವಾರ ಕಾರ್ಯದರ್ಶಿ ವೆಂಕಟಾಚಲ ಸುದ್ದಿ ತಂದರು. ಶಾಲೆಯೊಳಗೆ ಮೇಕೆ ಕಟ್ಟುತ್ತಿದ್ದಾರಂತೆ. ಮಳೆ ಹಿಡಿಯುವ ಮೊದಲು ಯಾರೂ ಹೋಗದಿದ್ದರೆ ಅದು ದೊಡ್ಡಿಯೇ ಗಟ್ಟಿ. ಅಧ್ಯಕ್ಷರು ಎದ್ದು ನಿಂತು, ತ್ಯಾಗ ಮಾಡುವವರು ನಮ್ಮ ನಮ್ಮ ಮನೆಗಳಿಂದಲೇ ಬರಬೇಕು ಎಂದು ಭಾಷಣ ಬಿಗಿದರು.

ಕಾಫಿ ತಂದ ಕಾತ್ಯಾಯಿನಮ್ಮ ತಟ್ಟೆ ಕೆಳಗಿಟ್ಟರು. "ನಾನು ಹೋಗ್ತೀನಿ. ಮದುವೆಗೆ ಮುಂಚೆ ಪಾಠ ಹೇಳ್ತಿದ್ದವಳೇ ತಾನೇ ನಾನು."

ಆ ಕೆಲಸ ಬಿಡಿಸಿದವರು ಚಕ್ರಪಾಣಿಗಳೇ. ಬಿಡಿಸುವಾಗ ಅವಳನ್ನೊಂದು ಮಾತು ಕೇಳಿದ್ದೆನೇ ಎಂದು ಯೋಚಿಸಿದರು. ಕೇಳಿರಲಿಲ್ಲ. ನಾಚಿಕೆಯಾಯಿತು.

"ಆಕ್ಷೇಪಣೆ ಉಂಟೋ ಅಂತ ಕೇಳಿ ಸಾರ್" ಎಂದು ವೆಂಕಟಾಚಲ ಮೆಲ್ಲಗೆ ನೆನಪಿಸಿದರು.

ಕೇಳಿದರು. ಉಪ್ಪಿಟ್ಟು ಖಾಲಿಯಾಗಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ. ಆಕ್ಷೇಪಣೆ ಇದ್ದದ್ದು ಅಧ್ಯಕ್ಷರೊಬ್ಬರಿಗೇ. ಬೆಳಗಿನ ಕಾಫಿ, ಸ್ನಾನದ ಬಿಸಿನೀರು, ಸಂಜೆ ಜಗಲಿಯ ಮೇಲಿನ ಮಾತುಕತೆ, ಎಲ್ಲ ಕಣ್ಣ ಮುಂದೆ ಸುಳಿಯಿತು. ಆಕ್ಷೇಪಣೆಯನ್ನು ನುಂಗಿಕೊಂಡರು. ನಿರ್ಣಯ ಪಾಸಾಯಿತು.

ಎಲ್ಲರೂ ಹೋದ ಮೇಲೆ ಕೇಳಿದರು, "ಇವಳೇ, ಮತ್ತೆ ಬರೋದು ಯಾವಾಗ?"

"ದಸರಾ ರಜಕ್ಕೆ."

ಆ ವರ್ಷ ಜೇನುಗುಡ್ಡದ ಮಕ್ಕಳು ಶಾಲೆ ತಪ್ಪಿಸಿದ್ದೇ ಇಲ್ಲ. ರಜ ಯಾವಾಗ ಬರುತ್ತದೋ ಎಂದು ಕ್ಯಾಲೆಂಡರ್ ನೋಡುತ್ತ ಕೂತವರು ಅಧ್ಯಕ್ಷರೊಬ್ಬರೇ.