ಪ್ರೊಫೆಸರರ ಏಳು ಸೆಕೆಂಡು

"ನೀವು ಸಾಯುವುದು ಬೇಡ ಸರ್," ಎಂದ ದೀಪೇಶ್. ಸಿನಿಮಾದ ನಿರ್ದೇಶಕ, ಅದರಲ್ಲಿ ಮೃಗದ ವೇಷ ಹಾಕುವ ಅಲ್ಫೋನ್ಸನಿಗೆ ಒಂದು ಕಾಲಕ್ಕೆ ವಿದ್ಯಾರ್ಥಿ.

"ಎಂತಕ್ಕೆ?"

"ಪ್ರೊಡ್ಯೂಸರ್ ಫೋನ್ ಮಾಡಿದ್ರು. ಪಾರ್ಟ್ ಟೂ ಮಾಡ್ಬೇಕಂತೆ. ಮೃಗ ಗುಂಡು ತಿಂದು ಪೊದೆಗೆ ಓಡಿದ್ರೆ ಸಾಕು."

"ಹಾಗಾದ್ರೆ ನನ್ನ ಮುಖ?"

"ಪಾರ್ಟ್ ಟೂನಲ್ಲಿ ನೋಡುವ."

ಜೀವ ಉಳಿದದ್ದಕ್ಕೆ ಇಷ್ಟು ದುಃಖಪಟ್ಟ ಮೃಗ ಬೇರೊಂದಿರಲಿಕ್ಕಿಲ್ಲ. ಕಥೆಯಲ್ಲಿ ಕುಲಶೇಖರವೆಂಬ ಊರಿನ ಹನ್ನೊಂದು ಜನರನ್ನು ಕೊಂದ ಈ ಮೃಗ ಮೊದಲು ಒಬ್ಬ ಪ್ರೊಫೆಸರ್. ಸಾಯುವಾಗ ಏಳು ಸೆಕೆಂಡು ಅವನ ಮನುಷ್ಯಮುಖ ಮರಳಬೇಕಿತ್ತು. ಆ ಏಳು ಸೆಕೆಂಡನ್ನು ನಂಬಿ ಅಲ್ಫೋನ್ಸ್, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, "ಪ್ರೊಫೆಸರ್ ಪಾತ್ರ," ಎಂದು ಹೆಂಡತಿ ಮೆರ್ಲಿನಳಿಗೆ ಹೇಳಿದ್ದ. ಕಾಲೇಜು ಅವನ ವಿಭಾಗ ಮುಚ್ಚಿ ಎರಡು ವರ್ಷವಾಗಿತ್ತು. ಅವಳು ಈ ಪಾತ್ರದ ಸುದ್ದಿಯನ್ನು ಚರ್ಚಿನಲ್ಲೆಲ್ಲ ಹೇಳಿಕೊಂಡಿದ್ದಳು. ಇವತ್ತು ಊಟ ಹಿಡಿದು ಶೂಟಿಂಗ್ ನೋಡಲು ಬರುವವಳಿದ್ದಳು. ಬಂದಾಗ ಫೋನ್ ಮಾಡುತ್ತಾಳೆಂದು ಮೊಬೈಲನ್ನು ವೇಷದೊಳಗೆ, ಚಡ್ಡಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದ.

ಪಾಳುಬಿದ್ದ ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ ನೋಣಯ್ಯ ಅವನ ರಬ್ಬರ್ ಚರ್ಮಕ್ಕೆ ಬಣ್ಣ ಬಳಿಯುತ್ತಿದ್ದ. ದಸರೆಯ ಹುಲಿವೇಷಗಳಲ್ಲಿ ಪಳಗಿದ ಕೈ. ಹುಲಿಗಳನ್ನು ನಿಲ್ಲಿಸುವಂತೆಯೇ ಇವನನ್ನೂ ನಿಲ್ಲಿಸಿದ್ದ: ಎರಡೂ ಕೈ ಚಾಚಿ ಅಡ್ಡ ಬಿದಿರಿನ ಮೇಲೆ, ಬಣ್ಣ ಒಣಗುವ ತನಕ. ಬಣ್ಣ ಬಿದ್ದ ಮೇಲೆ ಆ ಮನುಷ್ಯ ಇಲ್ಲ, ವೇಷ ಮಾತ್ರ; ಅವನ ಹೆಸರು ಕರೆಯಬಾರದೆಂದು ನೋಣಯ್ಯನ ಹಠ. ಮೊದಲ ದಿನ ಅಲ್ಫೋನ್ಸ್ ಇದಕ್ಕೆ ನಕ್ಕಿದ್ದ. ಈಗ ಮೃಗದ ಮುಖವನ್ನು ಕತ್ತಿನವರೆಗೆ ಎಳೆದು ಅಂಟಿಸಿದಾಗ ನಗು ಬರಲಿಲ್ಲ.

ಮೆರ್ಲಿನ್ ಬಂದಳು. ಹೊಸ ಸೀರೆ, ಕೈಯಲ್ಲಿ ಟಿಫಿನ್ ಕ್ಯಾರಿಯರ್.

"ನಮ್ಮವರು ಎಲ್ಲಿ? ಪ್ರೊಫೆಸರ್ ಪಾತ್ರ ಮಾಡ್ತಾರಲ್ಲ, ಅಲ್ಫೋನ್ಸ್?"

ನೋಣಯ್ಯ ಬ್ರಷ್ ಅದ್ದಿದ. "ಅವರು ಈಗ ಇಲ್ಲ ಅಮ್ಮ."

"ಇಲ್ಲ ಅಂದ್ರೆ ಎಂತ?"

"ಇಲ್ಲ ಅಂದ್ರೆ ಇಲ್ಲ ಮಾರಾಯ್ರೆ. ಸಂಜೆ ಬರ್ತಾರೆ."

ಅವಳು ಅಲ್ಫೋನ್ಸನಿಂದ ಮೂರೇ ಮಾರು ದೂರ. "ಮೆರ್ಲಿನ್" ಎಂದಿದ್ದರೆ ಸಾಕಿತ್ತು. ನಾಚಿಕೆ ಬಿಡಲಿಲ್ಲ. ಅವಳು ಹೋಗಿಬಿಡಲಿ ಎಂದು ಬೇಡಿಕೊಂಡ. ಗುರುತು ಹಿಡಿಯಲಿ ಎಂದೂ ಬೇಡಿಕೊಂಡ.

ಅವಳು ಮೃಗವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊಬೈಲ್ ತೆಗೆದು ಕಿವಿಗಿಟ್ಟಳು.

ಮೃಗದ ಹೊಟ್ಟೆಯೊಳಗಿಂದ ಕ್ರಿಸ್ಮಸ್ ರಾಗವೊಂದು ಹೊರಟಿತು. ಅವನ ಫೋನಿಗೆ ಅವಳೇ ಹಾಕಿಕೊಟ್ಟದ್ದು.

ಅವಳ ಕಣ್ಣು ಆ ಹೊಟ್ಟೆಯ ಮೇಲೆ ನಿಂತಿತು. ಅವನು ಬಿದಿರಿನಿಂದ ಕೈ ತೆಗೆಯಲಿಲ್ಲ. ಅವಳೂ ಫೋನ್ ಇಳಿಸಲಿಲ್ಲ. ರಾಗ ಮುಗಿಯುವ ತನಕ ಇಬ್ಬರೂ ಕೇಳಿಸಿಕೊಂಡರು.

"ಎತ್ತುತ್ತಾ ಇಲ್ಲ," ಎಂದಳು ಮೆರ್ಲಿನ್, ನೋಣಯ್ಯನಿಗೆ.

ಆಮೇಲೆ ಬಗ್ಗಿ, ನಿಜವಾದ ಮೃಗಕ್ಕೆ ಹೆದರಿದವಳಂತೆ ಕೈಯನ್ನು ಆದಷ್ಟು ದೂರ ಚಾಚಿ, ಟಿಫಿನ್ನನ್ನು ಮೃಗದ ಉಗುರುಗಳ ಮುಂದೆ ಇಟ್ಟಳು. ಅದಕ್ಕೆ ಬೆನ್ನು ತೋರಿಸದೆ, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಗೇಟಿನವರೆಗೆ ಹೋದಳು.