ವ್ಯಾನಿನಡಿಯ ದನಿ

“ಲೇ ಹಲ್ಲಿ, ಕಂಬದ ಥರ ಯಾಕೋ ನಿಂತಿದ್ದೀಯಾ? ನುಗ್ಗೋ ಕೆಳಗೆ, ಬೋಳಿಮಗನೆ!”

ಗ್ಯಾರೇಜಿನ ಮಾಲೀಕ ಹಿಂದಿನಿಂದ ನೂಕಿದ ರಭಸಕ್ಕೆ ವೆಲ್ಡರ್ ಮುಗ್ಗರಿಸಿ, ತಪಾಸಣೆಗೆ ತಂದಿದ್ದ ವ್ಯಾನಿನ ಬಾಗಿಲಿಗೆ ಕೈ ಊರಿದ. ಹದಿನೆಂಟು ವರ್ಷ ಗಾಡಿಗಳ ಹೊಟ್ಟೆಗೆ ಅಂಟಿಕೊಂಡೇ ದುಡಿದವನಿಗೆ ಹಲ್ಲಿ ಎಂಬ ಹೆಸರು ಬಿದ್ದು, ಅಪ್ಪ ಇಟ್ಟ ಹೆಸರು ಅವನಿಗೇ ಮರೆತಂತಾಗಿತ್ತು. ಈಗ ಅವನು ನಿಂತುಬಿಟ್ಟದ್ದು ಸೊಕ್ಕಿನಿಂದಲ್ಲ. ಬಾಗಿಲ ಮೇಲೆ ನಿನ್ನೆಯಷ್ಟೇ ಬರೆಸಿದ್ದ ಹಸಿ ಅಕ್ಷರಗಳನ್ನು ಓದುತ್ತಿದ್ದ. ಅದು ಅವನ ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಸರು.

“ನಾಳೆಯಿಂದ ನಮ್ಮನ್ನ ಕರ್ಕೊಂಡು ಹೋಗೋಕೆ ಹೊಸ ವ್ಯಾನ್ ಬರುತ್ತಂತೆ, ನಡೆದು ಸಾಯೋದು ತಪ್ತು” ಎಂದು ಅವಳು ಬೆಳಿಗ್ಗೆ ಹಿಗ್ಗಿದ್ದಳು. ಹೊಸ ವ್ಯಾನಂತೆ! ಹನ್ನೆರಡು ಜನರ ಹಳೇ ಗಾಡಿಯ ಬೆನ್ನೆಲುಬಾದ ಚಾಸಿಯನ್ನು ನಡುವೆ ಕತ್ತರಿಸಿ, ಮೂರಡಿ ಕಬ್ಬಿಣ ಸೇರಿಸಿ, ಇಪ್ಪತ್ತು ಸೀಟು ಮಾಡಿದವನು ಹಲ್ಲಿಯೇ. ಪೂರ್ತಿ ಬೆಸುಗೆಗೆ ಎರಡು ದಿನ ಬೇಕು ಎಂದಿದ್ದ. “ಅಲ್ಲಲ್ಲಿ ಚುಕ್ಕೆ ಇಟ್ಟು, ಸಂದಿಗೆ ಪುಟ್ಟಿ ಮೆತ್ತಿ ಕರೀ ಬಣ್ಣ ಬಳಿ. ಯಾವನು ಬಗ್ಗಿ ನೋಡ್ತಾನೆ?” ಎಂದಿದ್ದ ಮಾಲೀಕ. ಯಾರದೋ ಗಾಡಿ, ಯಾರೋ ಕೂರುತ್ತಾರೆ ಎಂದುಕೊಂಡು ಹಲ್ಲಿಯೂ ಬಾಯಿ ಮುಚ್ಚಿಕೊಂಡು ಮೆತ್ತಿದ್ದ. ಈಗ ಸಿಟ್ಟು ಬಂದದ್ದು ಮಾಲೀಕನ ಮೇಲೋ ತನ್ನ ಮೇಲೋ, ಅವನಿಗೇ ತಿಳಿಯಲಿಲ್ಲ.

ಸಾರಿಗೆ ಇಲಾಖೆಯ ತಪಾಸಣೆಯ ಅಂಗಳದಲ್ಲಿ ಮಾರ್ಪಾಡಾದ ಗಾಡಿಗಳು ಸಾಲಾಗಿ ನಿಂತಿದ್ದವು. ಅಲ್ಲಿ ಇನ್‌ಸ್ಪೆಕ್ಟರ್ ಬಗ್ಗುವ ಪದ್ಧತಿಯೇ ಇಲ್ಲ. ಬಗ್ಗಿದರೆ ಬಿಳಿ ಪ್ಯಾಂಟಿನ ಇಸ್ತ್ರಿ ಕೆಡುತ್ತದೆ. ಕೆಲಸ ಮಾಡಿದವನೇ ಗಾಡಿಯ ಕೆಳಗೆ ತೂರಬೇಕು. ಕುರ್ಚಿಯಿಂದ ಪ್ರಶ್ನೆ ಹೋಗುತ್ತದೆ, ಕೆಳಗಿನಿಂದ ‘ಸರಿ ಇದೆ ಸಾರ್’ ಬರುತ್ತದೆ, ಕಾಗದಕ್ಕೆ ಮೊಹರು ಬೀಳುತ್ತದೆ.

ಹಲ್ಲಿ ಅಂಗಾತ ಮಲಗಿ ಪಕ್ಕದಿಂದ ತೂರಿದ. ಮೊಣಕಾಲಿನಿಂದ ಕೆಳಗೆ ಕಾಲುಗಳು ಹೊರಗೇ ಉಳಿದವು.

“ಬ್ರೇಕ್ ಪೈಪ್?” ಇನ್‌ಸ್ಪೆಕ್ಟರ್ ಕೂಗಿದ.

“ಸರಿ ಇದೆ ಸಾರ್.”

“ಗಟ್ಟಿಯಾಗಿ ಒದರೋ, ಹೊಟ್ಟೆಗೆ ತಿಂದಿಲ್ವಾ?” ಸುತ್ತ ಇದ್ದವರು ನಕ್ಕರು. “ಚಾಸಿ ಜಾಯಿಂಟು?”

ಹಲ್ಲಿಯ ಮೂಗಿನಿಂದ ಒಂದು ಗೇಣು ಮೇಲೆ ಅವನದೇ ಕೈಕೆಲಸ ಮಿರಮಿರನೆ ಹೊಳೆಯುತ್ತಿತ್ತು. ಜೇಬಿನ ಸ್ಕ್ರೂಡ್ರೈವರ್ ತೆಗೆದು ಚುಚ್ಚಿದ. ಪುಟ್ಟಿ ಗಾಯದ ಹಕ್ಕಳೆಯಂತೆ ಎದ್ದು ಎದೆಯ ಮೇಲೆ ಉದುರಿತು. ಬೆಸುಗೆಯ ಚುಕ್ಕೆಗಳ ನಡುವೆ ಬೆರಳು ತೂರುವಷ್ಟು ಸಂದು. ಅದರ ಮೇಲೆಯೇ ಅವಳು ಕೂರುವುದು.

“ಸರಿ ಇಲ್ಲ ಸಾರ್.”

ನಗು ನಿಂತಿತು.

“ಏನಂದೆ?”

“ಸರಿ ಇಲ್ಲ. ನಾನೇ ಮಾಡಿರೋ ಹಲ್ಕಾ ಕೆಲಸ. ಒಂದು ಗುಂಡಿಗೆ ಇಳಿದ್ರೆ ಎರಡು ತುಂಡಾಗುತ್ತೆ. ಬಂದು ಬಗ್ಗಿ ನೋಡಿ.”

“ಇವನಿಗೆ ತಲೆ ಕೆಟ್ಟಿದೆ ಸಾರ್, ನೀವು ಒತ್ತಿ” ಎಂದು ಮಾಲೀಕ ಹಲ್ಲು ಗಿಂಜಿದ.

ಮೊಹರು ಬಿದ್ದ ಸದ್ದು ಕೆಳಗೂ ಕೇಳಿಸಿತು. “ನನ್ನನ್ನೇ ಬಗ್ಗು ಅಂತಾನಲ್ಲಯ್ಯಾ, ಕೊಳಕು ನನ್ಮಗ! ಗಾಡಿ ತೆಗಿ, ಮುಂದಿನದು ಬರ್ಲಿ” ಎಂದು ಇನ್‌ಸ್ಪೆಕ್ಟರ್ ಎದ್ದ.

ಮಾಲೀಕ ಹೊರಗಿದ್ದ ಕಾಲಿಗೆ ಬೂಟಿನಲ್ಲಿ ಒದ್ದ. “ಬಾರೋ ಈಚೆ! ಚರ್ಮ ಸುಲೀತೀನಿ.”

“ನನ್ನ ಹೆಂಡ್ತಿ ಕೂರ್ತಾಳೆ ಯಜಮಾನ್ರೇ, ಇದ್ರಲ್ಲಿ.”

“ನಡ್ಕೊಂಡು ಹೋಗು ಅನ್ನು. ಅವಳೇನು ಮಹಾರಾಣೀನಾ?”

“ಉಳಿದ ಹತ್ತೊಂಬತ್ತು ಜನ?”

ಮಾಲೀಕ ವ್ಯಾನಿನ ಸೀಟಿನಲ್ಲಿದ್ದ ಡ್ರೈವರ್ ಕಡೆ ತಿರುಗಿದ. “ಸ್ಟಾರ್ಟ್ ಮಾಡೋ. ತಾನೇ ಇಲಿ ಥರ ಓಡಿಬರ್ತಾನೆ.”

ವ್ಯಾನು ನಡುಗಿತು. ಬಿಸಿ ಎಣ್ಣೆಯ ಹನಿ ಕೆನ್ನೆಗೆ ಬಿತ್ತು. ಹಲ್ಲಿಗೆ ಹೆದರಿಕೆಯಾಯಿತು. ತಲೆ ಹೊರಳಿಸಿದರೆ, ಪಕ್ಕದ ಜೀಪಿನಡಿ ಮಲಗಿದ್ದ ಮುದಿ ಫಿಟ್ಟರ್ ಅವನನ್ನೇ ನೋಡುತ್ತಿದ್ದ. ಈ ಅಂಗಳದಲ್ಲಿ ಜೀವಮಾನವಿಡೀ ‘ಸರಿ ಇದೆ’ ಎಂದೇ ಕೂಗಿದವನು.

“ಇದೂ ಸರಿ ಇಲ್ಲ ಸಾರ್!” ಮುದುಕ ಒದರಿದ. “ಸ್ಟೀರಿಂಗ್ ರಾಡು ಬಿರುಕು ಬಿಟ್ಟಿದೆ!”

ಹೋಗುತ್ತಿದ್ದ ಇನ್‌ಸ್ಪೆಕ್ಟರನ ಬೂಟುಗಳು ಅಲ್ಲೇ ನಿಂತವು. ಬಿಳಿ ಪ್ಯಾಂಟು ಮಾತ್ರ ಬಗ್ಗಲಿಲ್ಲ.

“ಏನು ಬಾಯಿ ಬಿಟ್ಕೊಂಡು ನೋಡ್ತೀಯೋ, ಗೇರ್ ಹಾಕು!” ಮಾಲೀಕ ಅರಚಿದ.

ಮೇಲೆ ಗೇರು ಕಟಕ್ಕೆಂದಿತು. ಹಲ್ಲಿ ಹೊರಗಿದ್ದ ಎರಡೂ ಕಾಲುಗಳನ್ನು ಒಳಕ್ಕೆ, ಹಿಂದಿನ ಚಕ್ರಕ್ಕೆ ಅಡ್ಡವಾಗಿ ಎಳೆದುಕೊಂಡ.